ಗಾರ್ಸಿನಿಯಾ ಮಾತ್ರೆಯಿಂದ ತೂಕ ಇಳಿಯುತ್ತಾ? ನಮ್ಮ ಪುನರ್ಪುಳಿ ಸಾರಿಗೂ ಅದಕ್ಕೂ ಏನು ಸಂಬಂಧ?

ಪ್ರಶ್ನೆ: ನನಗೆ ನಲವತ್ತೆರಡು ವರ್ಷ. ತೂಕ ಜಾಸ್ತಿಯಾಗಿದೆ. ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಅನ್ನುವ ಮಾತ್ರೆ ತಗೋ ಎಂದು ಗೆಳತಿ ಹೇಳುತ್ತಿದ್ದಾಳೆ. ಅದನ್ನು ನಮ್ಮ ಪುನರ್ಪುಳಿಯಿಂದಲೇ ಮಾಡುತ್ತಾರಂತೆ, ಹಾಗಾಗಿ ಏನೂ ತೊಂದರೆ ಇಲ್ಲವಂತೆ. ಇದು ನಿಜವೇ? ನಮ್ಮ ಮನೆಯಲ್ಲಿ ವಾರಕ್ಕೆ ಮೂರು ಸಲ ಪುನರ್ಪುಳಿ ಸಾರು ಮಾಡುತ್ತೇವೆ. ಹಾಗಿದ್ದರೆ ಅದರಿಂದಲೂ ತೂಕ ಇಳಿಯಬೇಕಿತ್ತು, ಅಲ್ವಾ?

ಉತ್ತರ: ಮಾತ್ರೆ ಬೇಡ. ಸಾರು ಮಾಡುವುದನ್ನು ಬಿಡಬೇಡಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಅದೂ ಅಲ್ಲದೆ, ಈ ಮಾತ್ರೆಯ ಹಿಂದಿರುವ ವಿಜ್ಞಾನ ಶುರುವಾಗಿದ್ದೇ ನಮ್ಮ ಮೈಸೂರಿನಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಗಾರ್ಸಿನಿಯಾ ಎಂದರೆ ಒಂದು ಗಿಡವಲ್ಲ, ಒಂದು ಕುಲ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಮರಗಳಿವೆ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಉತ್ತರ ಕನ್ನಡದವರು ಮುರುಗಲು ಎನ್ನುವ ಕೆಂಪು ಹಣ್ಣು ಗಾರ್ಸಿನಿಯಾ ಇಂಡಿಕಾ. ಅಂಗಡಿಯಲ್ಲಿ ಸಿಗುವ ಮ್ಯಾಂಗೋಸ್ಟೀನ್ ಕೂಡ ಇದೇ ಕುಲದ್ದು. ನಿಮ್ಮ ಗೆಳತಿ ಹೇಳಿದ ಮಾತ್ರೆ ಇವೆರಡರದ್ದೂ ಅಲ್ಲ. ಅದು ಉಪ್ಪಾಗೆಯದ್ದು. ಪುಟ್ಟ ಕುಂಬಳಕಾಯಿಯಂತೆ ಏಣು ಏಣಾಗಿ, ಹಣ್ಣಾದಾಗ ಹಳದಿಯಾಗುವ ಹುಳಿ ಹಣ್ಣು. ಮಲಯಾಳಿಗಳು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡಗಿನವರು ಹಂದಿ ಕರಿಗೆ ಹಾಕುವ ಕಪ್ಪು ಕಾಚಂಪುಳಿಯನ್ನು ಕಾಯಿಸುವುದೂ ಇದರ ರಸದಿಂದಲೇ. ವಿಜ್ಞಾನಿಗಳು ಈಗ ಇದನ್ನು ಗಾರ್ಸಿನಿಯಾ ಗಮ್ಮಿ-ಗಟ್ಟಾ ಎನ್ನುತ್ತಾರೆ. ಹಳೆಯ ಹೆಸರು ಕ್ಯಾಂಬೋಜಿಯಾ. ಮಾತ್ರೆ ಡಬ್ಬಿಗಳ ಮೇಲೆ ಆ ಹಳೆಯ ಹೆಸರೇ ಉಳಿದಿದೆ.

ಕ್ಯಾಂಬೋಜಿಯಾ ಎಂದರೆ ಕಾಂಬೋಡಿಯಾ. ಆ ಕಡೆ ಬೆಳೆಯುವ ಇದೇ ಕುಲದ ಮರಗಳಿಂದ ಹಳದಿ ಅಂಟು ಬರುತ್ತದೆ. ಚಿತ್ರ ಬರೆಯುವವರು ಅದನ್ನು ಬಣ್ಣವಾಗಿ ಬಳಸುತ್ತಿದ್ದರು. 1908ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಜಾನ್ ಪೆರಾನ್ ಎಂಬ ವಿಜ್ಞಾನಿ ಆ ಅಂಟಿನ ಸಣ್ಣ ಕಣಗಳನ್ನು ನೀರಿನಲ್ಲಿ ಬಿಟ್ಟು, ಅವು ನಡುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ಪರಮಾಣುಗಳು ನಿಜಕ್ಕೂ ಇವೆ ಎಂದು ಜಗತ್ತು ಒಪ್ಪಿದ್ದಕ್ಕೆ ಆ ಅಳತೆಗಳು ದೊಡ್ಡ ಕಾರಣ. 1926ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಪ್ರಶ್ನೆಗೆ ಇದು ಬೇಕಿರಲಿಲ್ಲ, ನಿಜ. ಆದರೂ ನಮ್ಮ ಸಾರಿನ ಹುಳಿಯ ಬಂಧುವೊಂದು ಇಂಥ ಕೆಲಸ ಮಾಡಿದೆ ಎಂದು ಹೇಳದೆ ಇರಲು ಮನಸ್ಸಾಗಲಿಲ್ಲ.

ಈಗ ಮೈಸೂರಿಗೆ ಬರೋಣ. ಉಪ್ಪಾಗೆಯ ಹುಳಿಗೆ ಕಾರಣ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲಗಳು ಎಂದು ಮೊದಲು ಅಂದುಕೊಂಡಿದ್ದರು. ಅಂದರೆ ನಿಂಬೆ, ಹುಣಸೆಗಳಲ್ಲಿರುವ ಹುಳಿಯೇ. ಮೈಸೂರಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಸರಿಯಾಗಿ ಬೇರ್ಪಡಿಸಿ ನೋಡಿದರು. ಮುಖ್ಯ ಆಮ್ಲ ಬೇರೆಯೇ ಆಗಿತ್ತು. 1965ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಿಂಬೆಯ ಆಮ್ಲಕ್ಕೆ ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚಿಗೆ ಸೇರಿದರೆ ಇದಾಗುತ್ತದೆ. ಹೆಸರು ಉದ್ದ, ಎಚ್‌ಸಿಎ ಎನ್ನೋಣ. ಆಹಾರದ ಹುಳಿ ಯಾವುದು ಎಂದು ತಿಳಿಯುವ ಕೆಲಸ ಅದು. ತೂಕದ ಮಾತೇ ಅಲ್ಲಿರಲಿಲ್ಲ.

ತೂಕದ ಮಾತು ಬಂದದ್ದು ಅಮೆರಿಕದಲ್ಲಿ. ನಮ್ಮ ಮೈಯಲ್ಲಿ ಸಕ್ಕರೆ, ಪಿಷ್ಟ ಜಾಸ್ತಿಯಾದಾಗ ಅದರ ಒಂದು ಪಾಲು ಸಿಟ್ರೇಟ್, ಅಂದರೆ ನಿಂಬೆಯ ಆಮ್ಲದ್ದೇ ಒಂದು ರೂಪ, ಆಗುತ್ತದೆ. ಆ ಸಿಟ್ರೇಟನ್ನು ಒಂದು ಕಿಣ್ವ ಕತ್ತರಿಸುತ್ತದೆ. ಕತ್ತರಿಸಿದ ಚೂರುಗಳಿಂದ ಕೊಬ್ಬು ತಯಾರಾಗುತ್ತದೆ. ಈ ಕಿಣ್ವವನ್ನು ಅಡಕತ್ತರಿ ಎಂದುಕೊಳ್ಳಿ, ಸಿಟ್ರೇಟ್ ಅಡಿಕೆ. ಎಚ್‌ಸಿಎ ನೋಡಲು ಅಡಿಕೆಯಂತೆಯೇ ಇರುವ, ಆದರೆ ಕತ್ತರಿಸಲಾಗದ ಗಟ್ಟಿ ಚೂರು. ಬಾಯಿಗೆ ಸಿಕ್ಕಿಕೊಂಡರೆ ಅಡಕತ್ತರಿ ನಿಂತೇ ಹೋಗುತ್ತದೆ. 1969ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಮುಂದೆ ಇಲಿಗಳಿಗೆ ಗ್ಲೂಕೋಸ್ ಜಾಸ್ತಿ ಇರುವ ಆಹಾರ ಕೊಟ್ಟು, ಜೊತೆಗೆ ಎಚ್‌ಸಿಎ ಕೊಟ್ಟರು. ಕೊಬ್ಬು ಕಡಿಮೆ ತಯಾರಾಯಿತು. ಇಲಿಗಳು ತಿನ್ನುವುದೂ ಕಡಿಮೆಯಾಯಿತು.

ಮಾತ್ರೆ ಮಾರುವವರು ನಿಮಗೆ ಹೇಳುವುದು ಇಲ್ಲಿಯವರೆಗಿನ ಕಥೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಮನುಷ್ಯರು ಇಲಿಗಳಲ್ಲ. ನಾವು ಮೂರು ಹೊತ್ತು ಅನ್ನ ಉಣ್ಣುವವರು, ಅನ್ನವೇ ಕೊಬ್ಬಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಡೆಯುವುದು ಸ್ವಲ್ಪ ಬೇರೆ. ಅನ್ನ ಉಂಡಾಗ ಮೈ ಮೊದಲು ಆ ಸಕ್ಕರೆಯನ್ನೇ ಉರಿಸುತ್ತದೆ. ಒಂದಷ್ಟನ್ನು ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜೆನ್ ಮಾಡಿ ಇಡುತ್ತದೆ. ಅನ್ನದ ಜೊತೆ ತಿಂದ ಎಣ್ಣೆ, ತುಪ್ಪ, ಕಾಯಿಯ ಕೊಬ್ಬು ಉರಿಯದೆ ಉಳಿಯುತ್ತದೆ, ಅದು ಸೀದಾ ಹೊಟ್ಟೆ ಸುತ್ತ ಹೋಗಿ ಕೂರುತ್ತದೆ. ಸಕ್ಕರೆಯಿಂದಲೇ ಹೊಸದಾಗಿ ಕೊಬ್ಬು ಮಾಡುವ ಕೆಲಸ ಮನುಷ್ಯರಲ್ಲಿ ಸಾಮಾನ್ಯವಾಗಿ ಕಡಿಮೆ. ಅಂದಮೇಲೆ ಆ ಅಡಕತ್ತರಿಯನ್ನು ನಿಲ್ಲಿಸಿ ಎಷ್ಟು ತಾನೆ ಉಳಿತಾಯವಾದೀತು?

ಇದು ಬರೀ ತರ್ಕ ಎನ್ನಬೇಡಿ. ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ಎಲ್ಲರೂ ತಿಳಿದಿರಬೇಕಾದದ್ದು. ತೂಕ ಜಾಸ್ತಿ ಇದ್ದ 135 ಜನರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಎರಡೂ ಗುಂಪಿಗೆ ನಾರು ಜಾಸ್ತಿ, ಕ್ಯಾಲೊರಿ ಕಡಿಮೆ ಇರುವ ಒಂದೇ ಬಗೆಯ ಪಥ್ಯ. ಹನ್ನೆರಡು ವಾರ ಕಳೆಯಿತು. ಎಚ್‌ಸಿಎ ತಿಂದವರ ತೂಕ ಸರಾಸರಿ 3.2 ಕಿಲೋ ಇಳಿದಿತ್ತು. ಸುಮ್ನೆ ಮಾತ್ರೆ ತಿಂದವರದ್ದು 4.1 ಕಿಲೋ! ಲೆಕ್ಕಶಾಸ್ತ್ರದ ಪ್ರಕಾರ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಅಂದರೆ ಎರಡೂ ಒಂದೇ. ತೂಕ ಇಳಿಸಿದ್ದು ಪಥ್ಯ.

ಇಲ್ಲಿ ಒಂದು ಮಾತು ಗಮನಿಸಿ. ‘ನಾನು ಮಾತ್ರೆ ತಿಂದೆ, ಮೂರು ಕಿಲೋ ಇಳಿದೆ’ ಎಂದು ನಿಮ್ಮ ಗೆಳತಿ ಹೇಳಿದರೆ ಅದು ಸುಳ್ಳಲ್ಲ. ದುಡ್ಡು ಕೊಟ್ಟು ಡಬ್ಬಿ ತಂದವರು ಊಟದಲ್ಲೂ ಹಿಡಿತ ಮಾಡುತ್ತಾರೆ, ಸಂಜೆ ನಡೆಯಲೂ ಹೋಗುತ್ತಾರೆ. ಆ ಶ್ರಮದ ಹೆಸರು ಮಾತ್ರೆಗೆ ಹೋಗುತ್ತದೆ, ಅಷ್ಟೆ.

ಆಮೇಲೂ ಸಣ್ಣಪುಟ್ಟ ಅಧ್ಯಯನಗಳು ನಡೆದವು. ಕೆಲವು ಲಾಭ ಇದೆ ಎಂದವು, ಕೆಲವು ಇಲ್ಲ ಎಂದವು. 2011ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರು ಇವನ್ನೆಲ್ಲ ಕೂಡಿಸಿ ನೋಡಿದರು. ಸಿಕ್ಕ ವ್ಯತ್ಯಾಸ ಸುಮಾರು 0.88 ಕಿಲೋ. ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳನ್ನಷ್ಟೇ ಲೆಕ್ಕಕ್ಕೆ ತಗೊಂಡಾಗ ಅದೂ ಉಳಿಯಲಿಲ್ಲ.

ಲಾಭ ಇಲ್ಲದಿದ್ದರೆ ಹೋಗಲಿ, ನಷ್ಟವಂತೂ ಇಲ್ಲವಲ್ಲ ಎನ್ನುತ್ತೀರಾ? ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲಿಯೇ. ಔಷಧ ಮತ್ತು ಪೂರಕಗಳಿಂದ ಲಿವರ್ ಹಾಳಾದವರನ್ನು ಹಿಂಬಾಲಿಸಿ ಅಧ್ಯಯನ ಮಾಡುವ ಒಂದು ಜಾಲ ಅಮೆರಿಕದಲ್ಲಿದೆ. 2004ರಿಂದ 2018ರವರೆಗೆ ಅಲ್ಲಿ ದಾಖಲಾದ 1418 ಜನರಲ್ಲಿ 22 ಮಂದಿಗೆ ಗಾರ್ಸಿನಿಯಾ ಇರುವ ಮಾತ್ರೆಗಳೇ ಕಾರಣ ಎಂದು 2022ರಲ್ಲಿ ವರದಿಯಾಯಿತು. ಅವರಲ್ಲಿ 5 ಮಂದಿ ಗಾರ್ಸಿನಿಯಾ ಒಂದನ್ನೇ ತಿಂದವರು. 16 ಮಂದಿಯ ಮಾತ್ರೆಯಲ್ಲಿ ಗ್ರೀನ್ ಟೀ ಸತ್ವವೂ ಸೇರಿತ್ತು. ಒಬ್ಬರದ್ದರಲ್ಲಿ ಅಶ್ವಗಂಧ ಇತ್ತು. ಹೀಗೆ ಲಿವರ್ ಕೆಟ್ಟವರಲ್ಲಿ ಒಂದು ನಿರ್ದಿಷ್ಟ ಬಗೆಯ ಜೀನ್ ಬೇರೆಯವರಿಗಿಂತ ಜಾಸ್ತಿ ಕಂಡಿತು. ಅಂದರೆ ನೂರು ಜನ ತಿಂದು ಚೆನ್ನಾಗಿರಬಹುದು. ನೂರಾ ಒಂದನೆಯವರಿಗೆ ಕಾಮಾಲೆ ಬರಬಹುದು. ಆ ನೂರಾ ಒಂದನೆಯವರು ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆಯಂತೂ 2025ರಲ್ಲಿ ಇಂಥ ಪೂರಕಗಳನ್ನು ಯಾರೂ ತಿನ್ನಬೇಡಿ ಎಂದೇ ಹೇಳಿತು.

ಹಾಗಾದರೆ ಸಾರು? ಒಂದು ಲೆಕ್ಕ ಹಾಕೋಣ. ಒಣಗಿದ ಉಪ್ಪಾಗೆ ಸಿಪ್ಪೆಯ ತೂಕದಲ್ಲಿ ಎಚ್‌ಸಿಎ ನೂರಕ್ಕೆ 10ರಿಂದ 30ರಷ್ಟು ಇರುತ್ತದೆ. ಒಂದು ಚೂರು ಒಂದು ಗ್ರಾಂ ಎಂದುಕೊಂಡರೆ 100ರಿಂದ 300 ಮಿಲಿಗ್ರಾಂ. ಮೂರು ಚೂರು ಹಾಕಿ ಐದು ಜನರಿಗೆ ಸಾರು ಮಾಡಿದಿರಿ. ಸಿಪ್ಪೆಯಲ್ಲಿದ್ದದ್ದು ಪೂರ್ತಿ ಸಾರಿಗೆ ಇಳಿದರೂ ಒಬ್ಬರ ಪಾಲಿಗೆ 60ರಿಂದ 180 ಮಿಲಿಗ್ರಾಂ. ಪರೀಕ್ಷೆಯಲ್ಲಿ ಪ್ರತಿದಿನ ಕೊಟ್ಟಿದ್ದು 1500. ಪುನರ್ಪುಳಿಯಲ್ಲೂ ಎಚ್‌ಸಿಎ ಇದೆ, ಲೆಕ್ಕ ಹೆಚ್ಚುಕಡಿಮೆ ಹೀಗೆಯೇ. ಅಷ್ಟೊಂದು ಕೊಟ್ಟಾಗಲೂ ಇಳಿಯದ ತೂಕ ಸಾರಿನಿಂದ ಇಳಿಯುವುದಿಲ್ಲ. ಹಾಗೆಯೇ, ಅಡುಗೆಯ ಹುಳಿಗೆ ಹೆದರುವುದೂ ಬೇಡ. ತಲೆಮಾರುಗಳಿಂದ ನಾವು ತಿನ್ನುತ್ತಿರುವುದು ಸಾರಿನ ಅಳತೆಯಲ್ಲಿ. ಡಬ್ಬಿಯೊಳಗಿನದು ಹಿಂಡಿ ಗಟ್ಟಿ ಮಾಡಿದ ಸತ್ವ. ಅದನ್ನು ಅಜ್ಜಿಯ ಅಡುಗೆಯ ಹೆಸರು ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಹಾಂ, ಬಾಟಲಿಯ ಪುನರ್ಪುಳಿ ಶರಬತ್ತು ಬೇರೆ ವಿಷಯ. ಅದರಲ್ಲಿ ಸಕ್ಕರೆಯೇ ಜಾಸ್ತಿ. ತೂಕ ಇಳಿಸಬೇಕು ಎನ್ನುವವರು ಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿಯುವುದು ಮೇಲು.

ಈ ಕುಲದ ಮೇಲಿನ ಸಂಶೋಧನೆಯೆಲ್ಲ ವ್ಯರ್ಥ ಎಂದು ಮಾತ್ರ ತಿಳಿಯಬೇಡಿ. ಪುನರ್ಪುಳಿ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತುವಿದೆ. 1980ರ ದಶಕದ ಆರಂಭದಲ್ಲಿ ಅದರ ರಚನೆ ಬಿಡಿಸುವ ಕೆಲಸವನ್ನೂ ಸಿಎಫ್‌ಟಿಆರ್‌ಐನವರೇ ಮಾಡಿದರು, ಅದರಲ್ಲೂ ಲೂಯಿಸ್ ಇದ್ದರು. 2004ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಜೀನ್‌ಗಳನ್ನು ಚುರುಕುಗೊಳಿಸುವ ಒಂದು ಬಗೆಯ ಕಿಣ್ವವನ್ನು ಗಾರ್ಸಿನಾಲ್ ತಡೆಯುತ್ತದೆ ಎಂದು ತೋರಿಸಿತು. ಕ್ಯಾನ್ಸರ್ ಸಂಶೋಧಕರಿಗೆ ಇದರಲ್ಲಿ ಬಹಳ ಆಸಕ್ತಿ. ಆದರೆ ಇದು ಜೀವಕೋಶಗಳ ಮೇಲೆ ನಡೆದ ಕೆಲಸ. ಪುನರ್ಪುಳಿ ಕುಡಿದರೆ ಕ್ಯಾನ್ಸರ್ ವಾಸಿ ಎಂದು ಯಾರಾದರೂ ಸಂದೇಶ ಕಳಿಸಿದರೆ ದಯವಿಟ್ಟು ಮುಂದೆ ಕಳಿಸಬೇಡಿ. ಎಚ್‌ಸಿಎ ಕೂಡ ಮೂಲೆಗೆ ಬಿದ್ದಿಲ್ಲ. ಮೂತ್ರಪಿಂಡದ ಕಲ್ಲಿನ ಹರಳುಗಳನ್ನು ಅದು ಕರಗಿಸಬಲ್ಲದು ಎಂದು 2016ರಲ್ಲಿ ಹ್ಯೂಸ್ಟನ್‌ನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನಾನು ಹೇಳಿದ ಆ ಅಡಕತ್ತರಿ ಕಿಣ್ವವನ್ನೇ ಲಿವರ್‌ನಲ್ಲಿ ತಡೆಯುವ ಬೆಂಪೆಡೊಯಿಕ್ ಆಮ್ಲ ಎಂಬ ಬೇರೆ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೊಲೆಸ್ಟ್ರಾಲ್ ಇಳಿಸಲು, ತೂಕ ಇಳಿಸಲು ಅಲ್ಲ. ಗುರಿ ಸರಿಯೇ ಇತ್ತು, ಬಾಣವೂ ಕೆಲಸವೂ ಬೇರೆಯಾದವು.

ನಮ್ಮ ಕಾಡಿನ ಕಡೆಯಿಂದಲೂ ಒಂದು ಮಾತು. ಮುರುಗಲು ಬೇಸಗೆಯ ಕೊನೆಗೆ ಹಣ್ಣಾಗುತ್ತದೆ, ಬಿಸಿಲಿಗೆ ಒಣಗಿಸಬಹುದು. ಉಪ್ಪಾಗೆ ಹಣ್ಣಾಗುವುದು ಸುರಿಯುವ ಮಳೆಯಲ್ಲಿ. ಬೆಂಕಿ ಹಾಕಿಯೇ ಒಣಗಿಸಬೇಕು. ಮನೆಯ ಮಟ್ಟಿಗೆ ಒಲೆಯ ಮೇಲಿನ ಅಟ್ಟ ಸಾಕಾಗುತ್ತಿತ್ತು. 1990ರ ದಶಕದಲ್ಲಿ ವಿದೇಶದ ಮಾತ್ರೆಗಳಿಗಾಗಿ ಬೆಲೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಬಲಿಯುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು, ಒಣಗಿಸಲು ರಾಶಿ ರಾಶಿ ಸೌದೆ ಸುಟ್ಟರು. ಕೆಲಸ ಮಾಡದ ಒಂದು ಮಾತ್ರೆಗಾಗಿ ಅಷ್ಟು ಮರ ಹೋಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ನಿಮ್ಮ ಗೆಳತಿಯ ವಿಷಯ. ಅವರು ಈಗಾಗಲೇ ಮಾತ್ರೆ ತಿನ್ನುತ್ತಿದ್ದರೆ ನಿಲ್ಲಿಸಲು ಹೇಳಿ. ಸಕ್ಕರೆ ಕಾಯಿಲೆಗೋ ಖಿನ್ನತೆಗೋ ಮಾತ್ರೆ ತಗೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಮೊದಲೇ ಲಿವರ್ ತೊಂದರೆ ಇದ್ದರೆ ತಡಮಾಡುವುದೇ ಬೇಡ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಊಟ ಸೇರದಿರುವುದು, ಮೈ ತುರಿಕೆ, ಕಾರಣವಿಲ್ಲದ ಸುಸ್ತು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಲಿವರ್ ಪರೀಕ್ಷೆಗೆ ಸ್ವಲ್ಪ ರಕ್ತ ಕೊಟ್ಟರೆ ಸಾಕು. ‘ಏನಾದರೂ ಔಷಧ ತಗೊಳ್ಳುತ್ತಿದ್ದೀರಾ?’ ಎಂದು ವೈದ್ಯರು ಕೇಳಿದಾಗ ಬಹಳ ಜನ ಇಲ್ಲ ಎಂದೇ ಹೇಳುತ್ತಾರೆ. ಗಿಡಮೂಲಿಕೆ ಔಷಧವಲ್ಲ ಎಂದು ಅವರ ಎಣಿಕೆ. ಹಾಗಾಗಿ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಲು ಹೇಳಿ.