ಘಟ್ಟ ಹತ್ತುವಾಗ ಸಿಲಿಂಡರ್ ಮುಳ್ಳಿನ ಮೇಲೆ ಕಣ್ಣು

ಎದೆಗೆ ಪೆಟ್ಟು ಬಿದ್ದ ಮಾವನನ್ನು ಅಂಕೋಲೆಯಿಂದ ಹುಬ್ಬಳ್ಳಿಗೆ ಸಾಗಿಸುವಾಗ ಆಂಬ್ಯುಲೆನ್ಸ್‌ನ ಇಎಂಟಿ (ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ) ನನಗೊಂದು ಕೆಲಸ ವಹಿಸಿದರು. "ಅಣ್ಣಾ, ಮಾವನ್ನ ನಾನು ನೋಡ್ಕೊಳ್ತೆ. ನೀವು ಆಕ್ಸಿಜನ್ ಸಿಲಿಂಡರ್ ಮುಳ್ಳು ನೋಡ್ತಾ ಇರಿ. ಐವತ್ತಕ್ಕೆ ಬಂದ್ರೆ ಹೇಳಿ."

ಸಿಲಿಂಡರ್ ಒಳಗಿನ ಒತ್ತಡ ತೋರಿಸುವ ಆ ಮುಳ್ಳಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಬಿ-ಟೈಪ್ ಸಿಲಿಂಡರ್‌ನ ಒಳಜಾಗ ಸುಮಾರು 10 ಲೀಟರ್. ವಾತಾವರಣದ 150 ಪಟ್ಟು ಒತ್ತಡದಲ್ಲಿ ತುಂಬಿದ ಆಮ್ಲಜನಕ ಹೊರಬಂದಾಗ 1500 ಲೀಟರ್ ಆಗುತ್ತದೆ. ಮುಳ್ಳು 75ಕ್ಕೆ ಇಳಿದರೆ ಅರ್ಧ ಮುಗಿಯಿತು. ಆಮ್ಲಜನಕ ತುಂಬಿಕೊಳ್ಳುವ ಚೀಲವಿರುವ ಮಾಸ್ಕಿಗೆ ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷಕ್ಕೆ ಪೂರಾ ಖಾಲಿ. ಹುಬ್ಬಳ್ಳಿಯೋ ಸುಮಾರು 130 ಕಿಲೋಮೀಟರ್, ನಡುವೆ ಅರಬೈಲ್ ಘಟ್ಟ, ಮುಂದೆ ಅದಿರು-ಸರಕಿನ ಲಾರಿಗಳ ಸಾಲು. ನಮ್ಮ ಜಿಲ್ಲೆಯಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಲ್ಲ, ಲೀಟರಿನಲ್ಲಿ ಅಳೆಯಬೇಕು ಎಂದು ನನಗೆ ಅಂದೇ ಅನಿಸಿತು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೆಲೆ ಗೊತ್ತಾಗುವುದು ಇಲ್ಲೇ. ರಕ್ತದ ಆಮ್ಲಜನಕ ಶೇ 94ರ ಮೇಲೆ ಗಟ್ಟಿಯಾಗಿ ನಿಂತರೆ ಸಾದಾ ಮಾಸ್ಕ್ ಹಾಕಿ ಹರಿವನ್ನು 6 ಲೀಟರಿಗೆ ಇಳಿಸಬಹುದು. ಅದೇ ಸಿಲಿಂಡರ್ ನಾಲ್ಕು ತಾಸು ಬರುತ್ತದೆ.

ರೋಗಿಗೆ ಸ್ವಂತ ಉಸಿರೇ ಇಲ್ಲದಿದ್ದರೆ ಕಷ್ಟ ಬೇರೆ. ಆಗ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಅನ್ನು ಆರು ಸೆಕೆಂಡಿಗೊಮ್ಮೆ ಒತ್ತಬೇಕು. ಎರಡೂವರೆ ತಾಸಿಗೆ 1500 ಸಲ! ಗಾಬರಿಯಲ್ಲಿ ಕೈ ತಾನಾಗಿ ಬೇಗಬೇಗ ಒತ್ತುತ್ತದೆ. ಹಾಗಾದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ತಲೆಗೆ ಪೆಟ್ಟಾದವರಿಗೆ ಇದು ದೊಡ್ಡ ಅಪಾಯ. ತಿರುವಿಗೊಮ್ಮೆ ವಾಲುವ ಗಾಡಿಯಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು ಈ ಲಯ ಕಾಯುವುದು ಒಬ್ಬರ ಕೆಲಸವೇ ಅಲ್ಲ. ಒತ್ತಡ, ವೇಗ ಕಾಯುವ ಪುಟ್ಟ ವೆಂಟಿಲೇಟರ್ ಇರಬೇಕು, ಇಲ್ಲವೇ ಇನ್ನೊಂದು ಜೊತೆ ಕೈ. ದೂರದ ಶಿಫ್ಟಿಂಗ್‌ಗೆ ಇಬ್ಬರು ಇಎಂಟಿ ಬೇಕೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಸೇವೆ ಶುರುವಾದಾಗಿನಿಂದ ಗಾಡಿ ಬಂದರೆ ಜೀವ ಬಂದಂತೆ ಎಂದು ನಾವು ನಂಬಿದ್ದೇವೆ. ಆ ಗಾಡಿಗೂ ದಾರಿಯಲ್ಲಿ ಆಸರೆ ಬೇಕು: ಘಟ್ಟದ ಮೇಲಿನ ಊರಲ್ಲಿ ಸದಾ ತುಂಬಿಟ್ಟ ಸಿಲಿಂಡರ್, ಜೊತೆಗೆ ಅದನ್ನು ಬದಲಾಯಿಸಲು ಹೊಂದುವ ಸ್ಪ್ಯಾನರ್.

ನಮ್ಮ ಪೈಲಟ್ (ಆಂಬ್ಯುಲೆನ್ಸ್ ಚಾಲಕರು) ಘಟ್ಟ ಹತ್ತುವ ಮೊದಲೇ ಮೇಲಿನ ಯಲ್ಲಾಪುರಕ್ಕೆ ಫೋನ್ ಮಾಡಿದ್ದರು. ಅಲ್ಲಿ ಮಳೆಯಲ್ಲೇ ಸಿಲಿಂಡರ್ ಹಿಡಿದು ಒಬ್ಬರು ಕಾಯುತ್ತಿದ್ದರು. ಬದಲಾಯಿಸುವಾಗ ಹಳೆಯದರ ಮುಳ್ಳು 55ರಲ್ಲಿತ್ತು.