ಹಸುಗೂಸಿನ ಕಿವಿ ಪರೀಕ್ಷೆ: ಚೀಟಿಯಲ್ಲಿ ‘ರೆಫರ್’ ಎಂದಿದ್ದರೆ

ಹಲವು ಹೆರಿಗೆ ಆಸ್ಪತ್ರೆಗಳಲ್ಲಿ ಮನೆಗೆ ಹೊರಡುವ ಮುಂಚೆ ಮಗುವಿನ ಕಿವಿ ಪರೀಕ್ಷಿಸಿ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ‘ಪಾಸ್’ ಅಥವಾ ‘ರೆಫರ್’ ಎಂದಿರುತ್ತದೆ. ‘ರೆಫರ್’ ಎಂದರೆ ಮಗು ಕಿವುಡು ಎಂದಲ್ಲ, ಮತ್ತೊಮ್ಮೆ ನೋಡಬೇಕು ಎಂದು. ಕಂಗಾಲಾಗುವವರನ್ನು ಸಮಾಧಾನ ಮಾಡಬಹುದು. ಚೀಟಿಯನ್ನು ಫೈಲಿನಲ್ಲಿಟ್ಟು ಮರೆತುಬಿಡುವ ಮನೆಯ ಮಗುವಿಗೇ ನಿಜವಾದ ನಷ್ಟ.

ಈ ಪರೀಕ್ಷೆಗೆ ಓಎಇ ಎನ್ನುತ್ತಾರೆ. ಶಬ್ದ ಒಳಕಿವಿ ಮುಟ್ಟಿದಾಗ ಅಲ್ಲಿನ ಕೂದಲು ಕೋಶಗಳು ತಾವೂ ಒಂದು ಸಣ್ಣ ಮಾರ್ದನಿ ಹೊರಡಿಸುತ್ತವೆ. ಕಿವಿಯೊಳಗಿಟ್ಟ ಪ್ರೋಬಿನ ಸ್ಪೀಕರು ಶಬ್ದ ಕಳಿಸುತ್ತದೆ, ಮೈಕು ಆ ಮಾರ್ದನಿ ಹಿಡಿಯುತ್ತದೆ. ಮಗು ಮಲಗಿದ್ದರೆ ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಆದರೆ ಆ ಮಾರ್ದನಿ ತೀರಾ ಕ್ಷೀಣ. ಹುಟ್ಟಿದ ಮೊದಲ 24 ಗಂಟೆ ಕಿವಿಯ ನಾಳದಲ್ಲಿ ಬಿಳಿ ಜಿಡ್ಡು, ತಮಟೆಯ ಹಿಂದೆ ನೀರು ಉಳಿದಿರಬಹುದು. ಅಷ್ಟು ಸಾಕು ‘ರೆಫರ್’ ಬರಲು. ಫ್ಯಾನಿನ ಸದ್ದು, ಮಗು ಚೀಪುವ ಸದ್ದೂ ಅಡ್ಡಬರುತ್ತವೆ. ಹಾಗಾಗಿ ಒಂದು ದಿನ ಕಳೆದ ಮೇಲೆ, ಹೊಟ್ಟೆತುಂಬ ಹಾಲು ಕುಡಿಸಿ, ನಿದ್ದೆ ಹತ್ತಿದ ಮೇಲೆ ಮಾಡಿಸಬೇಕು. ಪ್ರೋಬಿನ ತುದಿಯ ರಂಧ್ರದಲ್ಲಿ ಜಿಡ್ಡು ಕಂಡರೆ ತುದಿ ಬದಲಿಸಿ ಇನ್ನೊಮ್ಮೆ ನೋಡಬೇಕು.

ಎರಡನೇ ಪರೀಕ್ಷೆ ತಿಂಗಳು ತುಂಬುವುದರೊಳಗೆ ಆಗಲಿ. ಬಾಣಂತನದಲ್ಲಿ ಮಗುವಿಗೆ ನೀರೆರೆಯುವಾಗ ಕಿವಿಗೆ ಎರಡು ತೊಟ್ಟು ಎಣ್ಣೆ ಬಿಡುವ ರೂಢಿ ಹಲವು ಮನೆಗಳಲ್ಲಿದೆ. ದಯವಿಟ್ಟು ಆ ರೂಢಿ ನಿಲ್ಲಿಸಿ, ಎಣ್ಣೆ, ಕಸ ಸೇರಿ ನಾಳ ಕಟ್ಟಿದರೆ ಫಲಿತಾಂಶ ಮತ್ತೆ ಕೆಡುತ್ತದೆ.

ಆಗಲೂ ‘ರೆಫರ್’ ಬಂದರೆ ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ‘ಬೇರಾ’ (BERA) ಎಂಬ ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದ ನರದ ಮೂಲಕ ಮೆದುಳಿನ ಕಾಂಡದವರೆಗೆ ಹೋಗುತ್ತಿದೆಯೇ, ಎಷ್ಟು ಡೆಸಿಬೆಲ್‌ಗೆ ಎಂದು ಅಳೆಯುತ್ತಾರೆ. ಒಂದು ಗಂಟೆಯಾದರೂ ಬೇಕು. ದಾರಿಯಲ್ಲಿ ಬಸ್ಸಿನಲ್ಲೇ ನಿದ್ದೆ ಮುಗಿಸಿ ಬಂದ ಮಗು ಪರೀಕ್ಷೆಗೆ ಮಲಗುವುದಿಲ್ಲ, ಒಂದು ದಿನ ವ್ಯರ್ಥ. ಎಚ್ಚರವಾಗಿಟ್ಟುಕೊಂಡು ಬಂದು, ಅಲ್ಲೇ ಹಾಲು ಕುಡಿಸಿ ಮಲಗಿಸಿ.

ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ, ಅಥವಾ ಕಾಮಾಲೆ ಏರಿ ರಕ್ತ ಬದಲಿಸಬೇಕಾಗಿ ಬಂದ ಮಗುವಿಗೆ ಓಎಇ ‘ಪಾಸ್’ ಆದರೂ ಸಾಲದು. ಒಳಕಿವಿ ಸರಿಯಿದ್ದು ನರದಲ್ಲೇ ತೊಂದರೆಯಿದ್ದರೆ ಓಎಇಗೆ ಗೊತ್ತಾಗುವುದಿಲ್ಲ. ಇವರಿಗೆ ಬೇರಾ ಆಧಾರಿತ ಪರೀಕ್ಷೆಯೇ ಆಗಬೇಕು. ಸೋದರಮಾವನ ಅಥವಾ ಅತ್ತೆ-ಮಾವನ ಮಕ್ಕಳ ಮದುವೆಯಾದವರು, ಮನೆತನದಲ್ಲಿ ಹುಟ್ಟು ಕಿವುಡುತನ ಇರುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮನೆಯಲ್ಲಿ ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಮಗು ತಿರುಗುವುದು ಕೈಯ ನೆರಳಿಗೋ ಹಾಸಿಗೆಯ ಅದುರಿಗೋ ಇರಬಹುದು. ಕಿವಿ ಕೇಳದ ಮಗುವೂ ಮೂರ್ನಾಲ್ಕು ತಿಂಗಳಿಗೆ ‘ಆ’, ‘ಊ’ ಎನ್ನುತ್ತದೆ. ಆ ದನಿ ಮುಂದೆ ‘ಬಬಬ’ ಆಗಿ ಬೆಳೆಯದೆ ನಿಂತುಹೋಗುತ್ತದೆ. ಆ ಹೊತ್ತಿಗೆ ನಾಲಿಗೆಗೆ ಬಜೆ ತೇದು ಹಚ್ಚುತ್ತಾ, ‘ಅಪ್ಪನೂ ತಡವಾಗಿ ಮಾತಾಡಿದ್ದ’ ಎನ್ನುತ್ತಾ ಎರಡು ವರ್ಷ ಕಳೆದರೆ, ಮೆದುಳು ಮಾತು ಕಲಿಯಲು ತೀರಾ ಹದವಾಗಿದ್ದ ಕಾಲ ಕಳೆದುಹೋಗಿರುತ್ತದೆ.

ಕಿವುಡು ಖಚಿತವಾದರೆ ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಹಿಯರಿಂಗ್ ಏಡ್ ಹಾಕಿಸಿ. ಇದಕ್ಕೆ ಮಗು ಚಿಕ್ಕದೇನಲ್ಲ. ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು. ತೀವ್ರ ಕಿವುಡಿದ್ದು ಇದರಿಂದ ಪ್ರಯೋಜನ ಕಾಣದಿದ್ದರೆ ವರ್ಷ ತುಂಬುವ ಹೊತ್ತಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ವಿಚಾರ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನವೂ ಸೇರಿದೆ; ಆಶಾ ಕಾರ್ಯಕರ್ತೆ ಅಥವಾ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಏಡ್, ಮಾತಿನ ತರಬೇತಿ ಒಂದೇ ಕಡೆ ಸಿಗುತ್ತವೆ.

ಏಡ್ ಹಾಕಿದ ಮೇಲೆ ಬರುವ ದೊಡ್ಡ ದೂರು ‘ಸೀಟಿ ಹೊಡೆಯುತ್ತದೆ’ ಎಂಬುದು. ಮಗುವಿನ ಕಿವಿ ಬೆಳೆದು, ಏಡಿನ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿರುತ್ತದೆ. ದನಿ ತಗ್ಗಿಸಬೇಡಿ, ಅಚ್ಚು ಬದಲಿಸಿ. ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ ಬೇಕಾಗಬಹುದು. ಮಳೆಗಾಲದಲ್ಲಿ ರಾತ್ರಿ ಬ್ಯಾಟರಿ ತೆಗೆದು, ಏಡನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಬ್ಯಾಟರಿ ಬಾಗಿಲಿಗೆ ಲಾಕ್ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಮಗು ಬ್ಯಾಟರಿ ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.