ಆಟೋನಂಬರ್ ನಡುವೆ ಸಂಖ್ಯೆ ಬಿಟ್ಟುಹೋಗುವುದೇಕೆ?

ಪ್ರಶ್ನೆ: ನಮ್ಮ ಶಾಲೆಯ ಲೈಬ್ರರಿ ಪುಸ್ತಕಗಳನ್ನು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಮಾಡುತ್ತಿದ್ದೇನೆ. ಐಡಿ ಕಾಲಂಗೆ ಆಟೋನಂಬರ್ (ತಾನಾಗಿ ನಂಬರ್ ಹಾಕುವ ಬಗೆ) ಕೊಟ್ಟಿದ್ದೇನೆ. ಈಗ ನೋಡಿದರೆ 56 ಆದ ಮೇಲೆ ನೇರವಾಗಿ 58 ಇದೆ. 57 ಇಲ್ಲವೇ ಇಲ್ಲ. ಮುಂದೆ ಇನ್ನೂ ಮೂರು ಕಡೆ ಹೀಗೇ ಆಗಿದೆ. ಹೆಡ್‌ಮಾಸ್ಟರು "57ನೇ ಪುಸ್ತಕ ಎಲ್ಲಿ?" ಎಂದು ಕೇಳುತ್ತಿದ್ದಾರೆ. ಎಲ್ಲವನ್ನೂ 1ರಿಂದ ಸಾಲಾಗಿ ಮತ್ತೆ ಜೋಡಿಸುವುದು ಹೇಗೆ?

ಉತ್ತರ: ಪುಸ್ತಕ ಎಲ್ಲೂ ಕಳೆದಿಲ್ಲ. ಕಳೆದಿರುವುದು ಬರೀ ಒಂದು ನಂಬರ್. ದಯವಿಟ್ಟು ಮತ್ತೆ ಜೋಡಿಸಲು ಹೋಗಬೇಡಿ. ಯಾಕೆ ಬೇಡ ಅಂತ ಮೊದಲು ಹೇಳುತ್ತೇನೆ. ಹೆಡ್‌ಮಾಸ್ಟರು ಕೇಳುವ ಸಾಲು ನಂಬರಿಗೆ ಬೇರೆ ದಾರಿ ಇದೆ, ಅದನ್ನೂ ಹೇಳುತ್ತೇನೆ.

ಈಗಲೇ ಒಂದು ಚಿಕ್ಕ ಪರೀಕ್ಷೆ ಮಾಡಿ. ಆಕ್ಸೆಸ್‌ನಲ್ಲಿ ಸುಮ್ನೆ ಒಂದು ಹೊಸ ಟೇಬಲ್ ಮಾಡಿಕೊಳ್ಳಿ. ಐಡಿ, ಹೆಸರು ಅಂತ ಎರಡೇ ಕಾಲಂ ಸಾಕು. ಆರು ಹೆಸರು ಟೈಪ್ ಮಾಡಿ. ಈಗ ಕೆಳಗಿನ ಖಾಲಿ ಸಾಲನ್ನು ನೋಡಿ. ಐಡಿ ಕಾಲಂನಲ್ಲಿ 'ನ್ಯೂ' ಅಂತ ಇರುತ್ತದೆ, ನಂಬರ್ ಇರುವುದಿಲ್ಲ. ಹೆಸರಿನ ಜಾಗದಲ್ಲಿ ಒಂದೇ ಒಂದು ಅಕ್ಷರ ಒತ್ತಿ. ಎಡಗಡೆ ಪೆನ್ಸಿಲ್ ಗುರುತು ಬಂತು, 'ನ್ಯೂ' ಹೋಗಿ 7 ಬಂತು. ನೀವಿನ್ನೂ ಏನನ್ನೂ ಸೇವ್ ಮಾಡಿಲ್ಲ, ಗಮನಿಸಿ. ಈಗ ಎಸ್ಕೇಪ್ ಕೀಯನ್ನು ಎರಡು ಸಲ ಒತ್ತಿ. ಸಾಲು ಮತ್ತೆ ಖಾಲಿಯಾಯಿತು. ಮತ್ತೆ ಒಂದು ಅಕ್ಷರ ಒತ್ತಿ. ಈ ಸಲ ಬರುವುದು 8.

ಆ 7 ಇನ್ನು ತಾನಾಗಿ ವಾಪಸ್ ಬರುವುದಿಲ್ಲ. ನಿಮ್ಮ 57 ಕೂಡ ಹೀಗೇ ಹೋಗಿರಬೇಕು. ಯಾರೋ ಒಂದು ಎಂಟ್ರಿ ಶುರು ಮಾಡಿದ್ದಾರೆ, ಅದೇ ಪುಸ್ತಕ ಆಗಲೇ ಹಾಕಿದೆ ಅಂತ ನೆನಪಾಗಿ ಅರ್ಧಕ್ಕೆ ಬಿಟ್ಟಿದ್ದಾರೆ. ಇಲ್ಲವೇ ಪೂರ್ತಿ ಎಂಟ್ರಿ ಮಾಡಿ ಆಮೇಲೆ ಅಳಿಸಿದ್ದಾರೆ. ಎರಡರಲ್ಲೂ ಫಲ ಒಂದೇ.

ಒಳಗೆ ನಡೆಯುವುದು ಇಷ್ಟು. ನಂಬರ್ ಕೊಡುವಾಗ ಆಕ್ಸೆಸ್ ಟೇಬಲ್‌ನಲ್ಲಿ ಎಷ್ಟು ಸಾಲುಗಳಿವೆ ಅಂತ ಎಣಿಸುವುದಿಲ್ಲ. ಎಲ್ಲಿ ಜಾಗ ಖಾಲಿ ಇದೆ ಅಂತ ಹುಡುಕುವುದೂ ಇಲ್ಲ. 'ಮುಂದೆ ಕೊಡಬೇಕಾದ ನಂಬರ್' ಎಂಬ ಒಂದೇ ಒಂದು ಸಂಖ್ಯೆಯನ್ನು ಟೇಬಲ್‌ನ ಜೊತೆಗೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಹೊಸ ಸಾಲಿಗೆ ಕೈ ಹಾಕಿದ ತಕ್ಷಣ ಅದನ್ನು ಕೊಟ್ಟು, ಇಟ್ಟುಕೊಂಡದ್ದಕ್ಕೆ ಒಂದು ಕೂಡಿಸುತ್ತದೆ. ಬ್ಯಾಂಕಿನ ಟೋಕನ್ ಮಷೀನ್ ಥರ. ಟೋಕನ್ ತೆಗೆದುಕೊಂಡವರು ಮನೆಗೆ ಹೋದರೂ ಮುಂದಿನವರಿಗೆ ಮುಂದಿನ ಟೋಕನ್ನೇ ಬರುತ್ತದೆ ಅಲ್ವಾ? 1992ರಲ್ಲಿ ಆಕ್ಸೆಸ್ ಮೊದಲು ಬಂದಾಗ ಈ ಬಗೆಯ ಕಾಲಂಗೆ 'ಕೌಂಟರ್' ಎಂದೇ ಹೆಸರಿತ್ತು. ಆಕ್ಸೆಸ್ 95ರಲ್ಲಿ ಅದು 'ಆಟೋನಂಬರ್' ಆಯಿತು. ಹೆಸರು ಬದಲಾಯಿಸಿದ್ದು ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಕೌಂಟರ್ ಅಂದರೆ ಅದು ಸಾಲುಗಳನ್ನು ಎಣಿಸುತ್ತಿದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ.

ಸೇವ್ ಮಾಡುವ ತನಕ ಕಾಯಬಾರದೇ, ಇಷ್ಟು ಅವಸರ ಯಾಕೆ? ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ಬಳಸುವುದನ್ನು ಊಹಿಸಿ. ಲೈಬ್ರರಿಯಲ್ಲಿ ನೀವು, ಆಫೀಸಿನಲ್ಲಿ ಇನ್ನೊಬ್ಬರು. ಇಬ್ಬರೂ ಹೊಸ ಪುಸ್ತಕ ಹಾಕುತ್ತಿದ್ದೀರಿ. ನಿಮಗೆ 120 ಸಿಕ್ಕಿತು, ಅವರಿಗೆ 121. ನೀವು ನಡುವೆ ಎಂಟ್ರಿ ಬಿಟ್ಟಿರಿ. ಸಾಲು ತುಂಬಲೇಬೇಕು ಅಂತಾದರೆ ಅವರ 121 ಅನ್ನು 120 ಮಾಡಬೇಕು. ಆ ಹೊತ್ತಿಗೆ ಅವರು 121ರ ಹೆಸರಿನಲ್ಲಿ ಬೇರೆ ಟೇಬಲ್‌ನಲ್ಲಿ ನಾಲ್ಕು ಸಾಲು ಬರೆದಿರಬಹುದು. ಅದನ್ನೆಲ್ಲ ತಿದ್ದಬೇಕು. ಇಲ್ಲವೇ ನೀವು ಮುಗಿಸುವ ತನಕ ಅವರು ಕೈಕಟ್ಟಿ ಕೂರಬೇಕು. ಅದಕ್ಕಿಂತ ಒಂದು ನಂಬರ್ ಹೋದರೆ ಹೋಗಲಿ ಅಂತ ಬಿಡುವುದೇ ವಾಸಿ.

ಅಳಿಸಿದ ನಂಬರನ್ನು ಮತ್ತೆ ಕೊಡದಿರುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ನಿಮ್ಮಲ್ಲಿ ಪುಸ್ತಕ ಕೊಟ್ಟದ್ದು, ವಾಪಸ್ ಬಂದದ್ದು ಬರೆಯುವ ಇನ್ನೊಂದು ಟೇಬಲ್ ಇರುತ್ತದೆ. ಅದರಲ್ಲಿ ಪುಸ್ತಕದ ಹೆಸರು ಇರುವುದಿಲ್ಲ, ಐಡಿ ಮಾತ್ರ ಇರುತ್ತದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಜೂನ್‌ನಲ್ಲಿ 83ನೇ ಪುಸ್ತಕ ಒಯ್ದಳು ಅಂತಿಟ್ಟುಕೊಳ್ಳಿ. ಅದೊಂದು ಕಥೆ ಪುಸ್ತಕ. ಆಮೇಲೆ ಅದು ಹರಿದುಹೋಯಿತು, ನೀವು ಎಂಟ್ರಿ ಅಳಿಸಿದಿರಿ. ಆಗಸ್ಟ್‌ನಲ್ಲಿ ಹೊಸ ಗಣಿತದ ಗೈಡ್ ಬಂತು, ಅದಕ್ಕೆ ಆಕ್ಸೆಸ್ ಅದೇ 83 ಕೊಟ್ಟಿತು. ಈಗ ಹಳೆಯ ಲೆಕ್ಕ ತೆಗೆದರೆ ಆ ಹುಡುಗಿ ಜೂನ್‌ನಲ್ಲಿ ಗಣಿತದ ಗೈಡ್ ಒಯ್ದಿದ್ದಾಳೆ! ಆ ಗೈಡ್ ಆಗ ನಿಮ್ಮ ಲೈಬ್ರರಿಯಲ್ಲೇ ಇರಲಿಲ್ಲ. ಕಂಪ್ಯೂಟರಿಗೆ ಇದು ತಪ್ಪು ಅಂತ ಗೊತ್ತಾಗುವುದಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಇದು ಕಂಪ್ಯೂಟರ್ ತಂದ ಹೊಸ ನಿಯಮವೇನೂ ಅಲ್ಲ. ನಿಮ್ಮ ಲೈಬ್ರರಿಯ ಹಳೆಯ ದಪ್ಪ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳನ್ನು ನಂಬರ್ ಹಾಕಿ ಬರೆದಿಡುವುದು) ತೆಗೆದು ನೋಡಿ. ಒಂದು ಪುಸ್ತಕಕ್ಕೆ ಕೊಟ್ಟ ನಂಬರ್ ಸೀಲಿನೊಳಗೆ ಶಾಯಿಯಲ್ಲಿ ಬರೆದದ್ದು. ಪುಸ್ತಕ ಕಳೆದರೆ ಆ ಸಾಲನ್ನು ಯಾರೂ ಅಳಿಸುವುದಿಲ್ಲ. ಷರಾ ಕಾಲಂನಲ್ಲಿ 'ಕಳೆದಿದೆ' ಅಂತ ಬರೆದು ಸಹಿ ಹಾಕುತ್ತಾರೆ. ಅದೇ ನಂಬರನ್ನು ಹೊಸ ಪುಸ್ತಕಕ್ಕೆ ಕೊಡುವುದಿಲ್ಲ. ಆ ನಂಬರ್ ಆ ಪುಸ್ತಕದ ಹೆಸರಿದ್ದ ಹಾಗೆ. ಲೈಬ್ರರಿಯಲ್ಲಿ ಎಷ್ಟು ಪುಸ್ತಕ ಇದೆ ಅನ್ನೋದು ಬೇರೆಯೇ ಪ್ರಶ್ನೆ, ಅದಕ್ಕೆ ಸಾಲುಗಳನ್ನು ಎಣಿಸಬೇಕು. ಆಕ್ಸೆಸ್‌ನಲ್ಲಿ ಕೌಂಟ್ ಹಾಕಿದ ಒಂದು ಕ್ವೆರಿ (ಟೇಬಲ್‌ಗೆ ಕೇಳುವ ಪ್ರಶ್ನೆ) ಸಾಕು.

ಮರುಜೋಡಣೆ ಬೇಡ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ನಾನೇ ಒಮ್ಮೆ ಮಾಡಿದ್ದೇನೆ. ಒಂದು ಸಣ್ಣ ಸಂಘದ ಸದಸ್ಯರ ಪಟ್ಟಿ. 19ನೇ ನಂಬರ್ ಇರಲಿಲ್ಲ, ನೋಡಲು ಚೆನ್ನಾಗಿಲ್ಲ ಅನ್ನಿಸಿತು. ಐಡಿ ಕಾಲಂ ಅಳಿಸಿ ಹೊಸದಾಗಿ ಆಟೋನಂಬರ್ ಕಾಲಂ ಸೇರಿಸಿದೆ. ಎರಡೇ ನಿಮಿಷ. 1ರಿಂದ ಕೊನೆಯ ತನಕ ಸಾಲಾಗಿ ನಂಬರ್ ಬಂತು. ಆದರೆ ಸದಸ್ಯರ ಕಂತಿನ ಟೇಬಲ್‌ನಲ್ಲಿ ಇದ್ದದ್ದು ಹಳೆಯ ನಂಬರ್‌ಗಳು. ಹಳೆಯ 20ನೇ ಸದಸ್ಯರು ಈಗ 19 ಆಗಿದ್ದರು, 21ನೆಯವರು 20 ಆಗಿದ್ದರು. ಹಾಗಾಗಿ 20ನೆಯವರು ಕಟ್ಟಿದ ಕಂತು 21ನೆಯವರ ಹೆಸರಿನಲ್ಲಿ ಬಂತು. ಅಲ್ಲಿಂದ ಮುಂದೆ ಪ್ರತಿಯೊಬ್ಬರ ಹಣವೂ ಪಟ್ಟಿಯಲ್ಲಿ ಅವರ ನಂತರ ಇದ್ದವರ ಲೆಕ್ಕಕ್ಕೆ ಸೇರಿತ್ತು. ಟೇಬಲ್‌ಗಳ ನಡುವೆ ರಿಲೇಶನ್‌ಶಿಪ್ ಹಾಕಿಟ್ಟಿದ್ದರೆ ಆಕ್ಸೆಸ್ ಆ ಕಾಲಂ ಅಳಿಸಲು ಸುಲಭಕ್ಕೆ ಬಿಡುತ್ತಿರಲಿಲ್ಲ, ಮೊದಲು ಸಂಬಂಧ ತೆಗೆಯಿರಿ ಅನ್ನುತ್ತಿತ್ತು. ನಾನು ಹಾಕಿರಲಿಲ್ಲ. ಹಿಂದಿನ ರಾತ್ರಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟ ಫೈಲ್ ಇದ್ದದ್ದರಿಂದ ಎಲ್ಲರ ಲೆಕ್ಕ ಉಳಿಯಿತು.

ಸರಿ, ಸಾಲಾಗಿ ಬರುವ ನಂಬರ್ ಬೇಕೇ ಬೇಕು ಅನ್ನುವವರು ಏನು ಮಾಡಬೇಕು? ಬೇಡಿಕೆ ನ್ಯಾಯವಾದದ್ದೇ. ರಸೀದಿ ಪುಸ್ತಕದಲ್ಲಿ ನಡುವೆ ನಂಬರ್ ಬಿಟ್ಟುಹೋದರೆ ಆಡಿಟ್‌ನವರು ಕೇಳಿಯೇ ಕೇಳುತ್ತಾರೆ. ಅಂಗಡಿಯ ಬಿಲ್ ಆದರೆ ಜಿಎಸ್‌ಟಿಯ 46ನೇ ನಿಯಮವೇ ಇದೆ. ಇನ್‌ವಾಯ್ಸ್ ನಂಬರ್ ಕ್ರಮವಾಗಿ ಬರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಇಂಥ ಕಡೆ ಆಟೋನಂಬರನ್ನೇ ಬಿಲ್ ನಂಬರ್ ಮಾಡಿದರೆ ಇವತ್ತಲ್ಲ ನಾಳೆ ತೊಂದರೆ ಖಂಡಿತ.

ದಾರಿ ಏನೆಂದರೆ, ಆಟೋನಂಬರ್ ಕಾಲಂ ಅದರ ಪಾಡಿಗೆ ಇರಲಿ. ಪಕ್ಕದಲ್ಲಿ 'ಪುಸ್ತಕ ಸಂಖ್ಯೆ' ಅಂತ ಮಾಮೂಲಿ ನಂಬರ್ ಕಾಲಂ ಒಂದನ್ನು ಸೇರಿಸಿ. ಎಂಟ್ರಿ ಮಾಡುವ ಫಾರ್ಮ್‌ನ ಬಿಫೋರ್ ಅಪ್‌ಡೇಟ್ ಎಂಬ ಜಾಗದಲ್ಲಿ, ಸಾಲು ಹೊಸದಾಗಿದ್ದರೆ ಮಾತ್ರ, ಡಿಮ್ಯಾಕ್ಸ್ ಫಂಕ್ಷನ್‌ನಿಂದ ಆ ಕಾಲಂನಲ್ಲಿರುವ ಅತಿ ದೊಡ್ಡ ಸಂಖ್ಯೆ ತೆಗೆದು, ಒಂದು ಕೂಡಿಸಿ, ಹೊಸ ಸಾಲಿಗೆ ಹಾಕಿ. ಟೇಬಲ್ ಖಾಲಿ ಇದ್ದಾಗ ಡಿಮ್ಯಾಕ್ಸ್ ಏನನ್ನೂ ಕೊಡುವುದಿಲ್ಲ. ಅದಕ್ಕೇ ಅದನ್ನು ಎನ್‌ಜಡ್ ಫಂಕ್ಷನ್‌ನೊಳಗೆ ಇಟ್ಟು, ಇಲ್ಲದಿದ್ದರೆ ಸೊನ್ನೆ ಅಂತ ಹೇಳಿ. ಬಿಫೋರ್ ಅಪ್‌ಡೇಟ್ ನಡೆಯುವುದು ಸೇವ್ ಆಗುವ ಹಿಂದಿನ ಕ್ಷಣದಲ್ಲಿ. ಹಾಗಾಗಿ ಅರ್ಧಕ್ಕೆ ಬಿಟ್ಟ ಎಂಟ್ರಿಗೆ ನಂಬರೇ ಹೋಗುವುದಿಲ್ಲ. ವರ್ಷ ವರ್ಷಕ್ಕೆ 1ರಿಂದ ಶುರುವಾಗಬೇಕಾದರೆ ವರ್ಷದ ಕಾಲಂ ಬೇರೆ ಇಟ್ಟು, ಆ ವರ್ಷದ ಸಾಲುಗಳಲ್ಲಿ ಮಾತ್ರ ದೊಡ್ಡದನ್ನು ಹುಡುಕಲು ಹೇಳಿ.

ಒಂದೇ ಕ್ಷಣದಲ್ಲಿ ಇಬ್ಬರು ಸೇವ್ ಮಾಡಿದರೆ? ಇಬ್ಬರಿಗೂ ಒಂದೇ ನಂಬರ್ ಬರುವ ಸಾಧ್ಯತೆ ಇದೆ. ಆದ್ದರಿಂದ ಆ ಕಾಲಂನ ಇಂಡೆಕ್ಸ್ಡ್ ಎಂಬಲ್ಲಿ 'ಯೆಸ್, ನೋ ಡೂಪ್ಲಿಕೇಟ್ಸ್' ಆಯ್ಕೆ ಮಾಡಿ. ವರ್ಷ ಸೇರಿಸಿದ್ದರೆ ಎರಡೂ ಕಾಲಂ ಸೇರಿಸಿ ಯೂನೀಕ್ ಇಂಡೆಕ್ಸ್ (ಅದೇ ಜೋಡಿ ಮತ್ತೆ ಬರದಂತೆ ತಡೆಯುವುದು) ಮಾಡಬೇಕು. ಆಗ ಎರಡನೆಯವರ ಎಂಟ್ರಿ ಒಳಗೆ ಹೋಗದೆ ಎರರ್ ಬರುತ್ತದೆ, ಮತ್ತೆ ಸೇವ್ ಮಾಡಿದರೆ ಮುಂದಿನ ನಂಬರ್ ಸಿಗುತ್ತದೆ. ಇನ್ನೊಂದು ಮಾತು. ಇಂಥ ಟೇಬಲ್‌ನಲ್ಲಿ ಡಿಲೀಟ್ ಅನ್ನೋದೇ ಬೇಡ. 'ರದ್ದು' ಅಂತ ಒಂದು ಕಾಲಂ ಇಡಿ, ಟಿಕ್ ಮಾಡಿ ಬಿಡಿ. ರಿಜಿಸ್ಟರಿನ ಷರಾ ಇದ್ದ ಹಾಗೆ.

ಇದರ ಜೊತೆಗೇ ಬರುವ ಕೆಲವು ಸಂಶಯಗಳಿಗೂ ಉತ್ತರ ಹೇಳಿಬಿಡುತ್ತೇನೆ. ಪರೀಕ್ಷೆಗೆ ಅಂತ ಹಾಕಿದ ಸುಳ್ಳು ಎಂಟ್ರಿಗಳನ್ನೆಲ್ಲ ತೆಗೆದು 1ರಿಂದ ಶುರು ಮಾಡಬೇಕಾದರೆ, ಎಲ್ಲ ಸಾಲುಗಳನ್ನೂ ಅಳಿಸಿ ಕಾಂಪ್ಯಾಕ್ಟ್ ಅಂಡ್ ರಿಪೇರ್ (ಫೈಲನ್ನು ಚಿಕ್ಕದಾಗಿಸಿ ಸರಿಪಡಿಸುವ ಆಯ್ಕೆ) ಕೊಡಿ. 1001ರಿಂದ ಶುರುವಾಗಬೇಕಾದರೆ, ಅಪೆಂಡ್ ಕ್ವೆರಿಯಿಂದ ಐಡಿ 1000 ಇರುವ ಒಂದು ಸಾಲು ಸೇರಿಸಿ, ಆಮೇಲೆ ಅದನ್ನು ಅಳಿಸಿ. ಮುಂದಿನದು 1001. ಆದರೆ ಮೊದಲ ನಿಜವಾದ ಎಂಟ್ರಿ ಆಗುವ ತನಕ ಕಾಂಪ್ಯಾಕ್ಟ್ ಮಾಡಬೇಡಿ, ಟೇಬಲ್ ಖಾಲಿ ಇದೆ ಅಂತ ಮತ್ತೆ 1ಕ್ಕೆ ಹೋಗುತ್ತದೆ.

ನಂಬರ್ ಅಡ್ಡಾದಿಡ್ಡಿ ಬರುತ್ತಿದ್ದರೆ, ಮೈನಸ್ ಕೂಡ ಇದ್ದರೆ, ಡಿಸೈನ್ ವ್ಯೂನಲ್ಲಿ ನ್ಯೂ ವ್ಯಾಲ್ಯೂಸ್ ಎಂಬಲ್ಲಿ 'ಇನ್‌ಕ್ರಿಮೆಂಟ್' ಬದಲು 'ರ‍್ಯಾಂಡಮ್' ಇದೆಯಾ ನೋಡಿ. ಅಪರೂಪಕ್ಕೆ ಆ 'ಮುಂದೆ ಕೊಡಬೇಕಾದ ನಂಬರ್' ಹಿಂದೆ ಬಿದ್ದು, ಆಗಲೇ ಇರುವ ನಂಬರನ್ನೇ ಮತ್ತೆ ಕೊಡಲು ಹೋಗುವುದೂ ಉಂಟು. ಆಗ ಅದನ್ನು ತಡೆಯುವುದು ಆಟೋನಂಬರ್ ಅಲ್ಲ, ಪ್ರೈಮರಿ ಕೀ, ಅಂದರೆ ಒಂದೇ ನಂಬರ್ ಎರಡು ಸಾಲಿಗೆ ಬರಲು ಬಿಡದ ಗುರುತಿನ ಕಾಲಂ. ಆದ್ದರಿಂದ ಐಡಿ ಕಾಲಂ ಪ್ರೈಮರಿ ಕೀ ಆಗಿರಲೇಬೇಕು. ನಂಬರ್ ಖಾಲಿಯಾಗುತ್ತದೆ ಅನ್ನುವ ಭಯ ಮಾತ್ರ ಬೇಡ. ಮಾಮೂಲಿ ಆಟೋನಂಬರ್ 2,147,483,647ರ ತನಕ ಹೋಗುತ್ತದೆ, ಅಂದರೆ 214 ಕೋಟಿಗೂ ಜಾಸ್ತಿ. ದಿನಕ್ಕೆ ಸಾವಿರ ಎಂಟ್ರಿ ಮಾಡಿದರೂ 5,800 ವರ್ಷ ದಾಟುತ್ತದೆ. ಅದಕ್ಕೂ ಬಹಳ ಮೊದಲೇ ಆಕ್ಸೆಸ್ ಫೈಲಿನ 2 ಜಿಬಿ ಮಿತಿ ಮುಗಿದಿರುತ್ತದೆ.

ಬೇರೆ ಸಾಫ್ಟ್‌ವೇರ್‌ಗಳು ಇದೇ ಕೆಲಸವನ್ನು ಸ್ವಲ್ಪ ಬೇರೆ ಥರ ಮಾಡುತ್ತವೆ. ಲಿಬ್ರೆಆಫೀಸ್ ಬೇಸ್‌ನಲ್ಲಿ ಇದಕ್ಕೆ ಆಟೋವ್ಯಾಲ್ಯೂ ಅನ್ನುತ್ತಾರೆ. ಅದರ ಜೊತೆಗೇ ಬರುವ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಡೇಟಾಬೇಸ್‌ನಲ್ಲಿ ಎಣಿಕೆ 0ಯಿಂದ ಶುರು, ಮೊದಲ ಸಾಲಿಗೆ 0 ಬಂದರೆ ಗಾಬರಿಯಾಗಬೇಡಿ. ಫೈಲ್‌ಮೇಕರ್‌ನಲ್ಲಿ ರೆಕಾರ್ಡ್ ಹುಟ್ಟಿದಾಗಲೇ ನಂಬರ್ ಕೊಡಬೇಕಾ, ಸೇವ್ ಆದಾಗ ಕೊಡಬೇಕಾ ಅಂತ ನಾವೇ ಆರಿಸಬಹುದು. ಇದು ನನಗೆ ತುಂಬಾ ಇಷ್ಟವಾದ ವ್ಯವಸ್ಥೆ. ಎಚ್ಚರ ಬೇಕಾಗಿರುವುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ. ಅಲ್ಲಿ ಬರೀ ಇಂಟಿಜರ್ ಪ್ರೈಮರಿ ಕೀ ಅಂತ ಬರೆದರೆ, ಇರುವ ಅತಿ ದೊಡ್ಡ ನಂಬರಿಗೆ ಒಂದು ಕೂಡಿಸಿ ಕೊಡುತ್ತದೆ. ಅಂದರೆ ಕೊನೆಯ ಸಾಲನ್ನು ಅಳಿಸಿದರೆ ಅದೇ ನಂಬರ್ ಮುಂದಿನವರಿಗೆ ಹೋಗುತ್ತದೆ, 83ನೇ ಪುಸ್ತಕಕ್ಕೆ ಆದ ಹಾಗೆ. ಜೊತೆಗೆ ಆಟೋಇನ್‌ಕ್ರಿಮೆಂಟ್ ಅಂತ ಸೇರಿಸಿದರೆ ಮಾತ್ರ ಕೊಟ್ಟ ದೊಡ್ಡ ನಂಬರನ್ನು ಬೇರೆ ಟೇಬಲ್‌ನಲ್ಲಿ ನೆನಪಿಟ್ಟುಕೊಂಡು ಮುಂದಕ್ಕೇ ಹೋಗುತ್ತದೆ.

ಇನ್ನು ನಿಮ್ಮ ಲೈಬ್ರರಿಗೆ ಬಂದರೆ, ಮೊದಲು ಫೈಲಿನ ಒಂದು ಕಾಪಿ ತೆಗೆದಿಡಿ. ಪುಸ್ತಕಗಳ ಮೇಲೆ ಆಗಲೇ ರಿಜಿಸ್ಟರ್ ನಂಬರ್ ಇದ್ದರೆ 'ಪುಸ್ತಕ ಸಂಖ್ಯೆ' ಕಾಲಂಗೆ ಅದನ್ನೇ ಟೈಪ್ ಮಾಡಿ, ಹೊಸದಾಗಿ ಏನನ್ನೂ ಹುಟ್ಟಿಸಬೇಡಿ. ಹಳೆಯವೆಲ್ಲ ಮುಗಿದ ಮೇಲೆ ಡಿಮ್ಯಾಕ್ಸ್ ಹಾಕಿದರೆ ರಿಜಿಸ್ಟರ್ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಕೊನೆಗೆ ಫಾರ್ಮ್‌ನಲ್ಲಿ ಐಡಿ ಬಾಕ್ಸ್‌ನ ವಿಸಿಬಲ್ ಎಂಬಲ್ಲಿ 'ನೋ' ಮಾಡಿ. ಹೆಡ್‌ಮಾಸ್ಟರಿಗೆ ಪ್ರಿಂಟ್ ಕೊಡುವ ರಿಪೋರ್ಟ್‌ನಲ್ಲೂ ಐಡಿ ಹಾಕಬೇಡಿ, ಪುಸ್ತಕ ಸಂಖ್ಯೆ ಒಂದೇ ಸಾಕು.